ಟೆಕ್ಸಾಸ್ ಗಡಿಯ ಕೊಲೋನಿಯಾದಲ್ಲಿ ನೆರೆ ಇಳಿದ ಮೇಲೆ: ಕೆಸರು, ಕಾಗದ, ಮೋರಿ

ಮೆಕ್ಸಿಕೋ ಗಡಿಗೆ ತಾಗಿದ ದಕ್ಷಿಣ ಟೆಕ್ಸಾಸ್‌ನ ಹಿಡಾಲ್ಗೊ, ಕ್ಯಾಮರಾನ್, ವಿಲಸಿ, ಸ್ಟಾರ್ ಕೌಂಟಿಗಳಲ್ಲಿ ನಗರಗಳ ಎಲ್ಲೆಯಾಚೆ ಸಾವಿರಕ್ಕೂ ಹೆಚ್ಚು ಕೊಲೋನಿಯಾಗಳಿವೆ. 1950ರ ದಶಕದಿಂದ ಈಚೆಗೆ ಡೆವಲಪರ್‌ಗಳು ತಗ್ಗು ಜಮೀನನ್ನು ಸೈಟುಗಳಾಗಿ ತುಂಡರಿಸಿ, ರಸ್ತೆ, ಚರಂಡಿ, ಒಳಚರಂಡಿ ಏನನ್ನೂ ಕೊಡದೆ, ಹೊಲಗಳಲ್ಲಿ ದುಡಿಯುವ ಮೆಕ್ಸಿಕನ್ ಮೂಲದ ಕುಟುಂಬಗಳಿಗೆ ಕಂತಿನಲ್ಲಿ ಮಾರಿದ ಜಾಗಗಳಿವು. 2008ರ ಡಾಲಿ ಚಂಡಮಾರುತ, 2018 ಮತ್ತು 2019ರ ಜೂನ್ ಮಳೆ, 2020ರ ಹಾನಾ, 2025ರ ಮಾರ್ಚ್ ಕೊನೆಯ ಮಳೆ, ಇಷ್ಟರಲ್ಲೂ ನೀರು ನಿಂತದ್ದು ಹೆಚ್ಚುಕಡಿಮೆ ಅದೇ ಬೀದಿಗಳಲ್ಲಿ.

ಹ್ಯೂಸ್ಟನ್, ಆಸ್ಟಿನ್, ಡಲ್ಲಾಸ್ ಕಡೆಯಿಂದ ವಾರಾಂತ್ಯದಲ್ಲಿ ಕೈಜೋಡಿಸಲು ಹೋಗುವ ಕನ್ನಡದವರು ಇದನ್ನು ಓದಿಕೊಂಡು ಹೊರಟರೆ ಒಳ್ಳೆಯದು. ಮನೆ ತೊಳೆದು ಬಳಿಯುವುದು ಎಲ್ಲರಿಗೂ ಗೊತ್ತು. ಆದರೆ ಕೊಲೋನಿಯಾದಲ್ಲಿ ಕೆಸರು ತೆಗೆಯುವುದೂ ಸಾಕ್ಷಿ ಕೂಡಿಡುವುದೂ ಒಂದೇ ಕೆಲಸ. ಹುಮ್ಮಸ್ಸಿನಲ್ಲಿ ಅರ್ಧ ದಿನದಲ್ಲಿ ಮನೆ ಖಾಲಿ ಮಾಡಿ ಕೊಟ್ಟ ಸ್ವಯಂಸೇವಕರು ಆ ಮನೆಯವರ ಪರಿಹಾರವನ್ನೂ ಕಸದ ರಾಶಿಗೆ ಹಾಕಿರಬಹುದು.

ಹೊರಡುವ ಮುನ್ನ

ವ್ಯಾಲಿ ಎಂದು ಕರೆಯುವ ಈ ನಾಲ್ಕು ಕೌಂಟಿಗಳ ಪ್ರದೇಶದಿಂದ ಉತ್ತರಕ್ಕೆ ಮರಳುವಾಗ 281ನೇ ಹೆದ್ದಾರಿಯಲ್ಲಿ ಫಾಲ್‌ಫ್ಯೂರಿಯಸ್ ಬಳಿ, 77ರಲ್ಲಿ ಸರೀಟಾ ಬಳಿ ಬಾರ್ಡರ್ ಪಟ್ರೋಲ್ (ಗಡಿ ಕಾವಲು ಪಡೆ) ತಪಾಸಣೆ ಕಟ್ಟೆ ಇದೆ. ದೇಶದೊಳಗೇ ಓಡಾಡಿದರೂ ಪೌರತ್ವ ಕೇಳುತ್ತಾರೆ. ವೀಸಾದಲ್ಲಿರುವವರು ಪಾಸ್‌ಪೋರ್ಟ್ ಮತ್ತು ಐ-94, ಗ್ರೀನ್‌ಕಾರ್ಡಿನವರು ಕಾರ್ಡನ್ನೇ ಜೊತೆಯಲ್ಲಿಟ್ಟುಕೊಳ್ಳಿ. ಇದೇ ಕಟ್ಟೆಗಳ ಕಾರಣದಿಂದ ವಲಸೆ ಕಾಗದವಿಲ್ಲದ ಕುಟುಂಬಗಳು ಚಂಡಮಾರುತ ಬರುತ್ತಿದ್ದರೂ ಸ್ಯಾನ್ ಆಂಟೋನಿಯೊ ಕಡೆಗೆ ಹೊರಡಲು ಹೆದರುತ್ತವೆ. ಆದ್ದರಿಂದ "ನಿಮ್ಮನ್ನು ನೆಂಟರ ಮನೆಗೆ ಬಿಡುತ್ತೇವೆ ಬನ್ನಿ" ಎಂದು ನೀವಾಗಿ ಒತ್ತಾಯಿಸಬೇಡಿ. ಯಾರ ವಲಸೆ ಸ್ಥಿತಿಯನ್ನೂ ಕೇಳಬೇಡಿ, ಎಲ್ಲೂ ಬರೆದಿಡಬೇಡಿ.

ಒಂದು ಮನೆಗೆ ನಾಲ್ಕು ಜನರ ತಂಡ ಸಾಕು. ತಲೆಗೆರಡು ಎನ್95 ಮಾಸ್ಕ್, ಮೊಣಕೈವರೆಗಿನ ರಬ್ಬರ್ ಗ್ಲೌಸು, ಗಟ್ಟಿ ಅಟ್ಟೆಯ ಬೂಟು ಇರಲಿ. ಚಪ್ಪಟೆ ಬಾಯಿಯ ಸಲಿಕೆ, ಪ್ರೈ ಬಾರ್, ಕಟರ್, ಅಳತೆ ಟೇಪು, ಅಳಿಸಿಹೋಗದ ಮಾರ್ಕರ್, ಜಿಪ್ ಚೀಲಗಳು, ಮರಕ್ಕೆ ಚುಚ್ಚಿ ತೇವ ನೋಡುವ ಪುಟ್ಟ ಮೀಟರ್ ಬೇಕು. ಬ್ಲೀಚ್ ಕೊಳ್ಳುವಾಗ ಪರಿಮಳದ್ದೂ ಬೇಡ, 'ಸ್ಪ್ಲ್ಯಾಶ್‌ಲೆಸ್' ಎಂದು ಬರೆದದ್ದೂ ಬೇಡ. ಎರಡನೆಯದು ಸೋಂಕು ಕಳೆಯುವ ಕೆಲಸಕ್ಕಲ್ಲ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿಟ್ಟರೆ ಬ್ಲೀಚಿನ ಸತ್ವ ಇಳಿಯುತ್ತದೆ. ಅಲ್ಲೇ ಹೋಗಿ ಕೊಳ್ಳುವುದು ಮೇಲು.

ಒಳಗೆ ಕಾಲಿಡುವ ಮೊದಲು

ಬ್ರೇಕರ್ ಪೆಟ್ಟಿಗೆ ತಲುಪಲು ಒದ್ದೆ ನೆಲ ತುಳಿಯಬೇಕಾದರೆ ಮುಟ್ಟಲೇಬೇಡಿ, ವಿದ್ಯುತ್ ಕಂಪನಿಯವರನ್ನು ಕರೆಸಿ. ಕೊಲೋನಿಯಾಗಳಲ್ಲಿ ಒಂದೇ ಮೀಟರಿನಿಂದ ಹಿಂದಿನ ಮನೆಗೂ ಟ್ರೇಲರಿಗೂ ಎಕ್ಸ್‌ಟೆನ್ಷನ್ ತಂತಿ ಎಳೆದಿರುವುದುಂಟು. ಮುಂದಿನ ಮನೆಯ ಬ್ರೇಕರ್ ಇಳಿಸಿದ ಮಾತ್ರಕ್ಕೆ ಹಿಂದಿನದು ಸತ್ತಿದೆ ಎಂದುಕೊಳ್ಳಬೇಡಿ. ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಮನೆಯವರನ್ನೇ ಕೇಳಿ. ಪ್ರೊಪೇನ್ ಟ್ಯಾಂಕು ನೀರಲ್ಲಿ ತೇಲಿ ಪೈಪು ಕಿತ್ತಿರಬಹುದು. ವಾಲ್ವ್ ಮುಚ್ಚಿ. ನೀರಲ್ಲಿ ಮುಳುಗಿದ ರೆಗ್ಯುಲೇಟರ್ ಒರೆಸಿದರೆ ಸಾಲದು, ಬದಲಾಯಿಸಲೇಬೇಕು. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿರಲಿ, ಅದರ ಹೊಗೆ ಕಿಟಕಿಯ ಕಡೆ ಬೀಸದಿರಲಿ.

ನಿಂತ ನೀರಿನ ಮೇಲೆ ಕೆಂಪುಕಂದು ಬಣ್ಣದ ಚಾಪೆಯಂಥದ್ದು ತೇಲುತ್ತಿದ್ದರೆ ಅದು ಬೆಂಕಿ ಇರುವೆಗಳ ಗೂಡು. ಇರುವೆಗಳು ಒಂದಕ್ಕೊಂದು ಕಚ್ಚಿಕೊಂಡು ತೆಪ್ಪವಾಗಿ, ಯಾವ ಗೋಡೆ, ಸಲಿಕೆ, ಕಾಲು ಸಿಕ್ಕರೂ ಹತ್ತುತ್ತವೆ. ಪಾತ್ರೆ ತೊಳೆಯುವ ಸಾಬೂನು ಕದಡಿದ ನೀರು ಎರಚಿದರೆ ಮುಳುಗುತ್ತವೆ. ಬರೀ ನೀರು ಎರಚಿದರೆ ಏನೂ ಆಗದು.

ಫೋಟೊ ಮೊದಲು, ಸಲಿಕೆ ಆಮೇಲೆ

ಒಂದು ಚೂರೂ ಹೊರಗೆ ಹಾಕುವ ಮುಂಚೆ ಪ್ರತಿ ಕೋಣೆಯ ನಾಲ್ಕು ಮೂಲೆಗಳಿಂದ ನಾಲ್ಕು ಚಿತ್ರ ತೆಗೆಯಿರಿ. ಗೋಡೆಯ ಮೇಲಿನ ನೀರಿನ ಗೆರೆಯ ಪಕ್ಕ ಟೇಪು ಬಿಡಿಸಿ ಹಿಡಿದು, ಇಂಚು ಕಾಣುವಂತೆ ಇನ್ನೊಂದು. ಗೆರೆಯನ್ನು ಎರಡು ಕಡೆಯಿಂದ ಅಳೆಯಿರಿ: ಒಳಗಿನ ನೆಲದಿಂದ ಎಷ್ಟು, ಹೊರಗಿನ ಮಣ್ಣಿನಿಂದ ಎಷ್ಟು. ಮೊದಲನೆಯದು ಪರಿಹಾರದ ಅರ್ಜಿಗೆ. ಎರಡನೆಯದರ ಬೆಲೆ ಮುಂದೆ ಮೋರಿಯ ಮಾತು ಬಂದಾಗ ತಿಳಿಯುತ್ತದೆ. ಫ್ರಿಜ್, ಒಲೆ, ವಾಷಿಂಗ್ ಮಷೀನು, ಬಿಸಿನೀರಿನ ಹೀಟರ್‌ಗಳ ಮಾಡೆಲ್ ಸಂಖ್ಯೆಯ ಚೀಟಿ ಬಾಗಿಲ ಒಳಬದಿಗೋ ಬೆನ್ನಿಗೋ ಅಂಟಿರುತ್ತದೆ; ಅದರ ಚಿತ್ರವೂ ಬೇಕು. ಕಾರ್ಪೆಟ್ ಮತ್ತು ಗೋಡೆಯ ಹಲಗೆಯಿಂದ ಒಂದೊಂದು ಚದರಡಿ ಕತ್ತರಿಸಿ, ಯಾವ ಕೋಣೆಯದು ಎಂದು ಬರೆದು ಹೊರಗೆ ನೆರಳಲ್ಲಿಡಿ.

ಅಪ್ಪ ಕೊಂಡ ಸೈಟಿನ ಕರಾರು, ತೆರಿಗೆ ರಸೀದಿ, ಮಕ್ಕಳ ಜನನ ಪತ್ರ ಒದ್ದೆಯಾಗಿದ್ದರೆ ಒಂದಕ್ಕೊಂದು ಅಂಟಿದ ಹಾಳೆಗಳನ್ನು ಎಳೆದು ಬಿಡಿಸಬೇಡಿ. ಹಾಗೇ ಜಿಪ್ ಚೀಲಕ್ಕೆ ಹಾಕಿ ಯಾರದಾದರೂ ಫ್ರೀಜರ್‌ನಲ್ಲಿಡಿ. ಹೆಪ್ಪುಗಟ್ಟಿದರೆ ಬೂಷ್ಟು ಹಿಡಿಯದು, ನಿಧಾನವಾಗಿ ಒಣಗಿಸಲು ಪುರುಸೊತ್ತು ಸಿಗುತ್ತದೆ.

ಗೋಡೆ ಮತ್ತು ನೆಲ

ಬೂಷ್ಟು ಏಳಲು 24ರಿಂದ 48 ಗಂಟೆ ಸಾಕು. ನೆನೆದ ಹಾಸಿಗೆ, ಸೋಫಾ, ಕಾರ್ಪೆಟ್ ಉಳಿಯುವುದಿಲ್ಲ, ಚಿತ್ರ ತೆಗೆದು ಹೊರಗೆ. ಡ್ರೈವಾಲನ್ನು (ಗೋಡೆಯ ಜಿಪ್ಸಮ್ ಹಲಗೆ) ನೀರಿನ ಗೆರೆಗಿಂತ ಕನಿಷ್ಠ 12 ಇಂಚು ಮೇಲಕ್ಕೆ ಕತ್ತರಿಸಬೇಕು, ಜಿಪ್ಸಮ್ ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆದುಕೊಂಡಿರುತ್ತದೆ. ಹಲಗೆಯ ಅಗಲ 4 ಅಡಿ. ಗೆರೆ 1 ಅಡಿಗಿಂತ ಕೆಳಗಿದ್ದರೆ 2 ಅಡಿಗೆ, 1ರಿಂದ 3 ಅಡಿಯೊಳಗಿದ್ದರೆ 4 ಅಡಿಗೆ ಸರಿಯಾಗಿ ಕತ್ತರಿಸಿ; ಆಮೇಲೆ ಮುಚ್ಚುವಾಗ ಅರ್ಧ ಅಥವಾ ಇಡೀ ಹಲಗೆ ಅಡ್ಡಲಾಗಿ ಕೂರುತ್ತದೆ, ಚೂರು ಹಾಳಾಗದು. ಕಟರಿನ ಅಲಗು ಅರ್ಧ ಇಂಚಿಗಿಂತ ಹೆಚ್ಚು ಹೊರಗಿರದಿರಲಿ, ಒಳಗೆ ವಯರು ಇರುತ್ತದೆ. ಒಳಗಿನ ಇನ್ಸುಲೇಶನ್ ಮುಟ್ಟಿದರೆ ಒಣಗಿದಂತೆ ಕಂಡರೂ ತೆಗೆಯಿರಿ. 1978ಕ್ಕೆ ಮುಂಚಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು; ಒಣಗಿದ್ದನ್ನು ಉಜ್ಜಬೇಡಿ, ಮಕ್ಕಳನ್ನು ದೂರವಿಡಿ.

ಸ್ವಯಂಸೇವಕರು ಹೆಚ್ಚು ಎಡವುವುದು ಮೊಬೈಲ್ ಹೋಮ್‌ಗಳಲ್ಲಿ, ಅಂದರೆ ಬ್ಲಾಕುಗಳ ಮೇಲೆ ತಂದು ನಿಲ್ಲಿಸಿದ ಟ್ರೇಲರ್ ಮನೆಗಳಲ್ಲಿ. ಒಳಗೆ ಎರಡೇ ಇಂಚು ನೀರು ಬಂದಿದೆ, ಒರೆಸಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ನೆಲದ ಅಡಿಯಲ್ಲಿ ಇನ್ಸುಲೇಶನ್ನನ್ನು ಎತ್ತಿ ಹಿಡಿದ ಒಂದು ಕಪ್ಪು ಹೊದಿಕೆ ಇರುತ್ತದೆ. ನೀರು ಆ ಹೊದಿಕೆಯೊಳಗೆ ಚೀಲ ತುಂಬಿದಂತೆ ತುಂಬಿ ವಾರಗಟ್ಟಲೆ ನಿಲ್ಲುತ್ತದೆ, ನೆಲ ಕೆಳಗಿನಿಂದ ಕೊಳೆಯುತ್ತದೆ. ಮನೆ ನಿಂತ ಬ್ಲಾಕ್ ಕಂಬಗಳು ಸರಿದಿಲ್ಲ, ಕಟ್ಟುಪಟ್ಟಿಗಳು ಬಿಗಿಯಾಗಿವೆ, ವಿದ್ಯುತ್ ಹೋಗಿದೆ ಎಂದು ಖಾತ್ರಿಯಾದ ಮೇಲೆ, ಪಕ್ಕದಿಂದ ಕೈಚಾಚಿ ಜೋತುಬಿದ್ದ ಜಾಗದಲ್ಲಿ ಒಂದು ಬೆರಳಗಲ ಸೀಳಿ ನೀರು ಹರಿಯಬಿಡಿ. ನೀರು ಪೂರ್ತಿ ಇಳಿದ ನಂತರವೇ ಹೊದಿಕೆ ಬಿಚ್ಚಿ ಒದ್ದೆ ಇನ್ಸುಲೇಶನ್ ತೆಗೆಯಿರಿ. ಕಂಬ ಸರಿದಿದ್ದರೆ ಅಡಿಗೆ ಯಾರೂ ನುಸುಳಬಾರದು. ಹಳೆಯ ಟ್ರೇಲರುಗಳ ನೆಲ ಮರದ ಪುಡಿ ಒತ್ತಿ ಮಾಡಿದ ಹಲಗೆ. ಒಮ್ಮೆ ಉಬ್ಬಿದರೆ ಮತ್ತೆ ಇಳಿಯದು, ಬದಲಿಸಬೇಕು. ಪ್ಲೈವುಡ್ ಆದರೆ ಒಣಗಿಸಿ ಉಳಿಸಿಕೊಳ್ಳಬಹುದು. ಗಾಳಿಯ ಡಕ್ಟ್ ನೆಲದಡಿಯಲ್ಲೇ ಇದ್ದರೆ ಅದರೊಳಗೂ ಕೆಸರಿರುತ್ತದೆ, ನೋಡದೆ ಏಸಿ ಹಾಕಬೇಡಿ.

ಮರದ ತೇವ ಮೀಟರಿನಲ್ಲಿ 15 ಶೇಕಡಾಕ್ಕಿಂತ ಕೆಳಗಿಳಿಯುವವರೆಗೆ ಗೋಡೆ ಮುಚ್ಚಬಾರದು. ವ್ಯಾಲಿಯ ಸೆಖೆಯಲ್ಲಿ ಇದಕ್ಕೆ ವಾರಗಳೇ ಹಿಡಿಯಬಹುದು. ಕಿಟಕಿ ತೆರೆಯುವುದಾದರೆ ಒಣ ಹವೆಯ ಹಗಲಲ್ಲಿ ತೆರೆಯಿರಿ, ರಾತ್ರಿ ಮುಚ್ಚಿ. ಡಿಹ್ಯುಮಿಡಿಫೈಯರ್ ಓಡುವಾಗ ಕಿಟಕಿ ಮುಚ್ಚಿಯೇ ಇರಬೇಕು. ಬೂಷ್ಟು ಕಣ್ಣಿಗೆ ಕಂಡ ಮೇಲೆ ಫ್ಯಾನನ್ನು ಕೋಣೆಯೊಳಕ್ಕೆ ತಿರುಗಿಸಬೇಡಿ, ಇಡೀ ಮನೆಗೆ ಹರಡುತ್ತದೆ. ಕಿಟಕಿಯಲ್ಲಿಟ್ಟು ಹೊರಕ್ಕೆ ಊದಿಸಿ. ಚರ್ಚಿನವರೋ ನೆಂಟರೋ ಉಚಿತವಾಗಿ ಹಲಗೆ ಹೊಡೆದುಕೊಡುತ್ತೇವೆ ಎಂದು ಮೂರನೇ ದಿನಕ್ಕೇ ಬರುವುದುಂಟು. ಪ್ರೀತಿಯಿಂದ ಬಂದವರೇ, ಆದರೆ ಎರಡು ತಿಂಗಳಲ್ಲಿ ಅದೇ ಗೋಡೆಯನ್ನು ಮತ್ತೆ ಒಡೆಯಬೇಕಾಗುತ್ತದೆ.

ಬ್ಲೀಚ್ ಕೆಸರಿನ ಮೇಲೆ ಕೆಲಸ ಮಾಡದು. ಮೊದಲು ಸಾಬೂನು, ಬ್ರಷ್ಷು, ನೀರು. ನಂತರ ನೆರೆನೀರು ತಾಗಿದ ಗಟ್ಟಿ ಮೇಲ್ಮೈಗೆ 5 ಗ್ಯಾಲನ್ ಅಂದರೆ ಸುಮಾರು 19 ಲೀಟರಿಗೆ 1 ಕಪ್, 240 ಮಿಲಿ. ಬೂಷ್ಟು ಹಿಡಿದ ಟೈಲ್ಸು, ಸಿಮೆಂಟಿನಂಥ ಗಟ್ಟಿ ಜಾಗಕ್ಕೆ 1 ಗ್ಯಾಲನ್ನಿಗೆ 1 ಕಪ್, ಅದಕ್ಕಿಂತ ಹೆಚ್ಚು ಬೇಡ. ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆತರೆ ವಿಷದ ಹೊಗೆ. ಹಸಿ ಮರಕ್ಕೆ ಬ್ಲೀಚ್ ಹೊಡೆಯುವುದು ದಂಡ; ಅದು ಒಳಗಿಳಿಯುವುದಿಲ್ಲ, ನೀರು ಮಾತ್ರ ಇಳಿಯುತ್ತದೆ.

ನೀರು, ಶೌಚ, ಸೊಳ್ಳೆ

ಕುಡಿಯುವ ನೀರನ್ನು ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಕುದಿಸಿ. ಉರುವಲಿಲ್ಲದಿದ್ದರೆ 1 ಗ್ಯಾಲನ್ ತಿಳಿನೀರಿಗೆ 6 ಶೇಕಡಾ ಬ್ಲೀಚಾದರೆ 8 ಹನಿ, 8.25 ಶೇಕಡಾದ್ದಾದರೆ 6 ಹನಿ ಹಾಕಿ 30 ನಿಮಿಷ ಬಿಡಿ. ಮಸುಕು ನೀರಿಗೆ ಎರಡರಷ್ಟು. ಸುತ್ತ ಹತ್ತಿ, ಈರುಳ್ಳಿ ಹೊಲಗಳಿರುವುದರಿಂದ ಬಾವಿಗೆ ನೆರೆ ನುಗ್ಗಿದ್ದರೆ ಕೀಟನಾಶಕವೂ ಸೇರಿರಬಹುದು. ಅದು ಕುದಿಸಿದರೆ ಹೋಗುವುದಲ್ಲ. ಪರೀಕ್ಷೆ ಮಾಡಿಸುವ ತನಕ ಬಾಟಲಿ ನೀರೇ ಗತಿ.

ಸೆಪ್ಟಿಕ್ ಟ್ಯಾಂಕು ತುಂಬಿ ಹಿಮ್ಮೆಟ್ಟುತ್ತಿದೆ ಎಂದು ಲಾರಿ ಕರೆಸಿ ಖಾಲಿ ಮಾಡಿಸುವುದು ದುಬಾರಿ ತಪ್ಪು. ಸುತ್ತಲ ಮಣ್ಣು ನೀರು ಕುಡಿದು ನಿಂತಿರುವಾಗ ಬರಿದಾದ ಟ್ಯಾಂಕು ಮೇಲಕ್ಕೆ ತೇಲಿ ಪೈಪುಗಳನ್ನು ಮುರಿಯುತ್ತದೆ. ಇಂಗುವ ಜಾಗದ ನೆಲದಲ್ಲಿ ನೀರು ಕೆಳಗಿಳಿಯುವವರೆಗೆ ಶೌಚಾಲಯ ಬಳಸದಿರುವುದೇ ಸರಿ. ಮಾರ್ಗವಿಲ್ಲದಿದ್ದರೆ ಬಕೆಟ್ಟು, ಗಟ್ಟಿ ಚೀಲ, ಮೇಲೆ ಮರದ ಪುಡಿ. ಇಳಿದ ಮೇಲೆ ಖಾಲಿ ಮಾಡಿಸಿ ಬಿರುಕು ನೋಡಿಸಿ.

ನಿಂತ ನೀರಲ್ಲಿ ಒಂದು ವಾರ ಹತ್ತು ದಿನದೊಳಗೆ ಸೊಳ್ಳೆ ರೆಕ್ಕೆ ಬಿಚ್ಚುತ್ತದೆ. ಬ್ರೌನ್ಸ್‌ವಿಲ್‌ನಲ್ಲಿ 2005ರಲ್ಲೂ 2013ರಲ್ಲೂ ಡೆಂಗಿ ಸ್ಥಳೀಯವಾಗಿ ಹರಡಿದೆ. ಸೊಳ್ಳೆಮರಿ ಕೊಲ್ಲುವ ಬಿಟಿಐ ಬಿಲ್ಲೆ 100 ಚದರಡಿ ನೀರಿಗೆ ಒಂದು, ಸುಮಾರು 30 ದಿನ ಬಾಳುತ್ತದೆ. ಹಳೇ ಟಯರುಗಳನ್ನು ಮಗುಚಿಟ್ಟರೂ ಒಳಗೆ ನೀರು ಉಳಿಯುತ್ತದೆ, ತೂತು ಕೊರೆಯಿರಿ.

ಅರ್ಜಿ

ಮೊದಲು ರಾಜ್ಯದ ಐಸ್ಟಾಟ್ ಸಮೀಕ್ಷೆ ಬರುತ್ತದೆ. ಇದರಲ್ಲಿ ತುಂಬಿದ ಮನೆಗಳ ಲೆಕ್ಕ ಕೇಂದ್ರದಿಂದ ವಿಪತ್ತು ಘೋಷಣೆ ಕೇಳಲು ಆಧಾರ. ಎಲ್ಲರೂ ತುಂಬಬೇಕು. ಆದರೆ ಇದು ಫೆಮಾ (ಕೇಂದ್ರದ ವಿಪತ್ತು ನೆರವು ಸಂಸ್ಥೆ) ಅರ್ಜಿ ಅಲ್ಲ. ಐಸ್ಟಾಟ್ ತುಂಬಿ ಹಣಕ್ಕಾಗಿ ಕಾಯುತ್ತಾ ಕೂತು, ಫೆಮಾದ ಗಡುವು ದಾಟಿಸಿಕೊಂಡವರಿದ್ದಾರೆ. 2025ರ ಮಾರ್ಚ್ 26ರಿಂದ 28ರವರೆಗೆ ಸುರಿದ ಮಳೆಗೆ ಘೋಷಣೆ ಬಂದದ್ದು ಮೇ 22ಕ್ಕೆ. ಅಷ್ಟರಲ್ಲಿ ಕೂಲಿ ಮಾಡುವವರು ಸಾಲ ಮಾಡಿ ಮನೆ ರಿಪೇರಿ ಮಾಡಿಕೊಂಡಿರುತ್ತಾರೆ. ಮುಂಚಿನ ಫೋಟೊ, ಮರ ಮತ್ತು ಹಲಗೆ ಕೊಂಡ ರಸೀದಿ ಇದ್ದರೆ ಮಾಡಿದ ರಿಪೇರಿಗೂ ಹಣ ಕೇಳಬಹುದು.

ಘೋಷಣೆಯ ದಿನದಿಂದ ಸಾಮಾನ್ಯವಾಗಿ 60 ದಿನ. ಫೆಮಾದ ದೂರವಾಣಿ 800-621-3362, ಸ್ಪ್ಯಾನಿಷ್‌ನಲ್ಲೂ ಮಾತಾಡುತ್ತಾರೆ. 2024ರ ಅಕ್ಟೋಬರ್‌ನಿಂದ ಒಂದು ವರ್ಷದೊಳಗೆ ಘೋಷಣೆಯಾದ ವಿಪತ್ತುಗಳಿಗೆ ತುರ್ತು ಅಗತ್ಯದ ಹಣ 770 ಡಾಲರ್, ಮನೆ ನೆರವಿನ ಗರಿಷ್ಠ ಮಿತಿ 43,600 ಡಾಲರ್ ಇತ್ತು; ಈ ಅಂಕಿ ಪ್ರತಿವರ್ಷ ಪರಿಷ್ಕಾರವಾಗುತ್ತದೆ.

ಹಣದ ನೆರವು ಅಮೆರಿಕದ ಪೌರರಿಗೆ ಮತ್ತು ಕೆಲವು ವರ್ಗದ ವಲಸಿಗರಿಗೆ. ಮನೆಯಲ್ಲಿ ಒಬ್ಬರು ಅರ್ಹರಿದ್ದರೆ ಸಾಕು, ಆ ಒಬ್ಬರು ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇರುವ ಪುಟ್ಟ ಮಗುವೂ ಆಗಬಹುದು. ಮಗುವಿನ ಪರವಾಗಿ ತಾಯಿಯೋ ತಂದೆಯೋ ಸಹಿ ಮಾಡುತ್ತಾರೆ. ಇಲ್ಲಿ ಅವಸರ ಬೇಡ. ಪೌರರಲ್ಲದವರು 'ನಾನು ಪೌರ' ಎಂಬ ಸಾಲಿನ ಕೆಳಗೆ ಗೊತ್ತಿಲ್ಲದೆ ಸಹಿ ಹಾಕಿದರೂ ವಲಸೆ ಕಾನೂನಿನಲ್ಲಿ ಅದು ಭಾರೀ ತೊಡಕು. ಫೆಮಾ ಇರುವುದು ವಲಸೆ ಜಾರಿ ಸಂಸ್ಥೆ ಇರುವ ಇಲಾಖೆಯಲ್ಲೇ. ಆದ್ದರಿಂದ ಅರ್ಜಿ ಹಾಕುವ ಮುಂಚೆ ಟೆಕ್ಸಾಸ್ ರಿಯೋಗ್ರಾಂಡೆ ಲೀಗಲ್ ಏಡ್‌ನಂಥ ಉಚಿತ ಕಾನೂನು ನೆರವಿನವರ ಜೊತೆ ಮಾತಾಡಲಿ. ಹತ್ತು ವರ್ಷದ ಮಗುವನ್ನು ಕೂರಿಸಿಕೊಂಡು ಇದನ್ನೆಲ್ಲ ಅನುವಾದ ಮಾಡಿಸಬೇಡಿ. ಆಹಾರ, ನೀರು, ಆಶ್ರಯ ಶಿಬಿರಕ್ಕೆ ಈ ಯಾವ ಶರತ್ತೂ ಇಲ್ಲ.

ಕೊಲೋನಿಯಾದಲ್ಲಿ ಒಂದೇ ಸೈಟಿನಲ್ಲಿ ಮೂರು ಮನೆ, ಒಂದೇ ವಿಳಾಸ. ಮೊದಲ ಅರ್ಜಿ ಹೋದ ಮೇಲೆ ಉಳಿದವು 'ಇದೇ ವಿಳಾಸದಿಂದ ಆಗಲೇ ಅರ್ಜಿ ಬಂದಿದೆ' ಎಂದು ನಿಲ್ಲುತ್ತವೆ. ಅರ್ಜಿ ಹಾಕುವಾಗಲೇ ಮನೆ 1, ಮನೆ 2 ಎಂದು ಬೇರೆ ಮಾಡಿ. ಬೇರೆ ಬೇರೆ ಬಾಗಿಲು, ಅಡುಗೆಮನೆಗಳ ಫೋಟೊ, ಸೈಟಿನ ಕೈನಕ್ಷೆ, ಇದ್ದರೆ ಪ್ರತ್ಯೇಕ ಬಿಲ್ಲುಗಳನ್ನು ಲಗತ್ತಿಸಿ. ತಪಾಸಣೆಯವರು ಗುರುತಿಲ್ಲದ ಸಂಖ್ಯೆಯಿಂದ ಕರೆ ಮಾಡುತ್ತಾರೆ. ಮೂರು ಸಲ ಎತ್ತದಿದ್ದರೆ ಕಡತ ಮುಚ್ಚಿಹೋಗುವ ಸಂಭವವಿದೆ. ಗುರುತಿನ ಚೀಟಿ ಕೇಳಿ. ದುಡ್ಡು ಕೇಳಿದವರು ಫೆಮಾದವರಲ್ಲ.

ಹಕ್ಕುಪತ್ರ ಹಲವರಲ್ಲಿ ಇಲ್ಲ, ಇರುವುದು ಕಂತಿನ ಕರಾರು ಮಾತ್ರ. 2015ರ ಟೆಕ್ಸಾಸ್ ಕಾಯ್ದೆಯ ನಂತರ ಅಂಥ ಕರಾರನ್ನು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಾಯಿಸಿದರೆ ಒಡೆತನ ಕೊಂಡವರಿಗೆ ಸೇರುತ್ತದೆ. ಇದು ನೆರೆ ಬರುವ ಮುಂಚೆಯೇ ಮಾಡಿಡಬೇಕಾದ ಕೆಲಸ. ಮಾಡಿರದಿದ್ದರೆ ತೆರಿಗೆ ರಸೀದಿ, ದೊಡ್ಡ ರಿಪೇರಿಯ ಬಿಲ್ಲು, ಮೊಬೈಲ್ ಹೋಮ್ ಪಾರ್ಕಿನವರ ಪತ್ರ ನಡೆಯುತ್ತದೆ. 2021ರಿಂದ ಈಚೆಗೆ ಮೊಬೈಲ್ ಹೋಮ್ ಮತ್ತು ಪಿತ್ರಾರ್ಜಿತ ಮನೆಗಳ ವಿಷಯದಲ್ಲಿ ಬೇರೇನೂ ಸಿಗದಿದ್ದರೆ ಸ್ವಯಂ ಘೋಷಣೆಯನ್ನೂ ಫೆಮಾ ಒಪ್ಪುತ್ತಿದೆ.

ತಿರಸ್ಕಾರ ಬಂದರೆ

ಬರುತ್ತದೆ ಎಂದೇ ಇಟ್ಟುಕೊಳ್ಳಿ. ಡಾಲಿಯ ನಂತರ ವ್ಯಾಲಿಯ ಎಷ್ಟೋ ಬಡ ಕುಟುಂಬಗಳಿಗೆ ಬಂದ ಉತ್ತರ: ನಿಮ್ಮ ಮನೆ ಹಾಳಾದದ್ದು ಚಂಡಮಾರುತದಿಂದಲ್ಲ, ಮೊದಲೇ ರಿಪೇರಿ ಮಾಡಿಸದೆ ಬಿಟ್ಟದ್ದರಿಂದ. ಕೃಷಿ ಕಾರ್ಮಿಕರ ನಾಯಕರಾದ ಸೀಸರ್ ಶಾವೆಜ್ ಮತ್ತು ಡೊಲೊರೆಸ್ ವೆರ್ಟಾ ಕಟ್ಟಿದ ಲೂಪೆ ಸಂಘಟನೆ 2008ರಲ್ಲೇ ಫೆಮಾ ವಿರುದ್ಧ ಕೋರ್ಟಿಗೆ ಹೋಯಿತು: ಯಾವ ಅಳತೆಗೋಲಿನಿಂದ ಹೀಗೆ ತೀರ್ಮಾನಿಸುತ್ತೀರಿ ಎಂಬುದನ್ನು ಪ್ರಕಟಿಸಿ ಎಂದು. ಬಡವರ ಮನೆ ಹಳೆಯದಾಗಿರುವುದನ್ನೇ ಬಡವರ ತಪ್ಪೆಂದು ಎಣಿಸುವ ಈ ವಾದಕ್ಕೆ 2024ರ ಮಾರ್ಚ್ 22ರಿಂದ ಜಾರಿಯಾದ ನಿಯಮ ಬಹುಮಟ್ಟಿಗೆ ತಡೆ ಹಾಕಿದೆ. ಛಾವಣಿ ಮೊದಲೇ ಸೋರುತ್ತಿತ್ತು ಎಂಬುದೊಂದೇ ಈಗ ನಿರಾಕರಣೆಗೆ ಕಾರಣವಾಗಬಾರದು. ತಿರಸ್ಕಾರ ಪತ್ರದಲ್ಲಿ ಆ ಧಾಟಿ ಕಂಡರೆ ಮೇಲ್ಮನವಿಯಲ್ಲಿ ಈ ನಿಯಮವನ್ನು ಹೆಸರಿಸಿ ಬರೆಯಿರಿ.

ಮೇಲ್ಮನವಿಗೆ ಪತ್ರದ ಮೇಲಿನ ತಾರೀಕಿನಿಂದ 60 ದಿನ, ಕೈಗೆ ಸಿಕ್ಕ ದಿನದಿಂದಲ್ಲ. ಮೊದಲು ಕಡತದ ಪ್ರತಿ ಕೇಳಿ. ತಪಾಸಣೆಯವರು ಏನು ಬರೆದಿದ್ದಾರೆ ಎಂದು ತಿಳಿಯದೆ ಉತ್ತರಿಸುವುದು ಗಾಳಿಗುದ್ದು. ಪ್ರತಿ ಹಾಳೆಯ ಮೇಲೂ ಹೆಸರು, 9 ಅಂಕಿಯ ಅರ್ಜಿ ಸಂಖ್ಯೆ, 4 ಅಂಕಿಯ ವಿಪತ್ತು ಸಂಖ್ಯೆ ಇರಲಿ. ಕಂಟ್ರಾಕ್ಟರ್ ಕೊಡುವ ಅಂದಾಜಿನಲ್ಲಿ 'ಮನೆ ರಿಪೇರಿ 18,000' ಎಂಬ ಒಂದೇ ಸಾಲು ಸಾಲದು. ಕೋಣೆವಾರು, ಚದರಡಿವಾರು ಇರಬೇಕು, 'ಈ ಹಾನಿ ನೆರೆನೀರಿನಿಂದ' ಎಂಬ ಮಾತು ಇರಬೇಕು. ಹೊರಗಿನಿಂದ ಬಂದ ಕಂಟ್ರಾಕ್ಟರು ಮುಂಗಡ ಕೇಳಿದರೆ ಕೊಡಬೇಡಿ. ಆ ಕೌಂಟಿಯಲ್ಲೋ ಪಕ್ಕದ ಕೌಂಟಿಯಲ್ಲೋ ಕನಿಷ್ಠ 1 ವರ್ಷದಿಂದ ಕಚೇರಿ ಇಲ್ಲದವರು ವಿಪತ್ತು ಪ್ರದೇಶದಲ್ಲಿ ಕೆಲಸ ಶುರು ಮಾಡುವ ಮುಂಚೆ ಹಣ ಕೇಳುವಂತಿಲ್ಲ ಎಂದು ಟೆಕ್ಸಾಸ್ ಕಾನೂನೇ ಇದೆ.

ಹಣ ಬಂದವರಿಗೂ ಒಂದು ಕೊಕ್ಕೆ ಇರುತ್ತದೆ. ಹೆಚ್ಚು ಅಪಾಯದ ನೆರೆ ವಲಯದಲ್ಲಿ ಮನೆ ಇದ್ದು ನೆರವು ಪಡೆದರೆ ಮುಂದೆ ನೆರೆ ವಿಮೆ ಇಟ್ಟುಕೊಂಡಿರಬೇಕು. ಬಿಟ್ಟರೆ ಮುಂದಿನ ಸಲ ಅದೇ ಹಾನಿಗೆ ಕಾಸೂ ಸಿಗದು. ಈ ಸಾಲು ಪತ್ರದ ಒಳಗೆಲ್ಲೋ ಇರುತ್ತದೆ, ಓದಿ ಹೇಳಿ.

ಮೋರಿ

ವ್ಯಾಲಿಯ ನೆಲ ನದಿಯ ಕಡೆಗೆ ಇಳಿಯುವುದಿಲ್ಲ, ನದಿಯಿಂದ ಆಚೆಗೆ ಈಶಾನ್ಯಕ್ಕೆ ತೀರಾ ಸಣ್ಣಗೆ ಓರೆಯಾಗಿದೆ. ಹಿಡಾಲ್ಗೊದ ಮಳೆನೀರು ಹತ್ತಾರು ಮೈಲಿ ಕಾಲುವೆಗಳಲ್ಲಿ ಸಾಗಿ ಲಗುನಾ ಮಾದ್ರೆ ಎಂಬ ಹಿನ್ನೀರಿಗೆ ಸೇರಬೇಕು. ನಡುವೆ ನೆಲಕ್ಕಿಂತ ಎತ್ತರಿಸಿ ಕಟ್ಟಿದ ನೀರಾವರಿ ನಾಲೆಗಳು, ರಸ್ತೆಗಳು ಒಡ್ಡಿನಂತೆ ಅಡ್ಡ ನಿಲ್ಲುತ್ತವೆ. ಒಡ್ಡಿನ ತಗ್ಗು ಮಗ್ಗುಲಲ್ಲಿ ಕೊಲೋನಿಯಾ.

ಬೀದಿ ಬದಿಯ ಚರಂಡಿ ಮತ್ತು ಮೋರಿ ಪೈಪು ಕೌಂಟಿ ಕಮಿಷನರ್ ಪ್ರಿಸಿಂಕ್ಟಿನ (ಕೌಂಟಿಯ ಉಪವಿಭಾಗದ) ಜವಾಬ್ದಾರಿ, ದೊಡ್ಡ ಕಾಲುವೆ ಡ್ರೇನೇಜ್ ಡಿಸ್ಟ್ರಿಕ್ಟಿನದು, ಎತ್ತರದ ನಾಲೆ ನೀರಾವರಿ ಡಿಸ್ಟ್ರಿಕ್ಟಿನದು. ದೂರು ತಪ್ಪು ಬಾಗಿಲಿಗೆ ಹೋದರೆ ಅಲ್ಲೇ ಸಾಯುತ್ತದೆ. ಆದ್ದರಿಂದ ಪತ್ರ ಮೂವರಿಗೂ ಒಂದೇ ದಿನ ಹೋಗಲಿ. ಹೊರಗಿನ ಮಣ್ಣಿನಿಂದ ಅಳೆದ ಆ ನೀರಿನ ಗೆರೆಗಳು ಈಗ ಕೆಲಸಕ್ಕೆ ಬರುತ್ತವೆ: ಬೀದಿಗೆ ಹತ್ತು ಮನೆಗಳಾದರೂ ಇರಲಿ, ನಕ್ಷೆಯ ಮೇಲೆ ಪ್ರತಿ ಮನೆಯ ಇಂಚು, ನೀರು ಏರಿದ ಹೊತ್ತು, ಎಷ್ಟು ದಿನ ನಿಂತಿತು, ಯಾವ ಮೋರಿ ಕಟ್ಟಿತ್ತು, ಪೈಪಿನ ಒಳ ಅಗಲ ಎಷ್ಟು ಎಂದು ಗುರುತಿಸಿ. 'ನಮ್ಮಲ್ಲಿ ಯಾವಾಗಲೂ ನೀರು ನಿಲ್ಲುತ್ತದೆ' ಎಂಬ ಮಾತನ್ನು ಎಂಜಿನಿಯರು ನೀರಿನ ಹರಿವಿನ ಯಾವ ಲೆಕ್ಕಕ್ಕೂ ಹಾಕಲಾರ. ಈ ನಕ್ಷೆಯನ್ನು ಹಾಕಬಲ್ಲ.

ಟೆಕ್ಸಾಸ್ 2019ರ ಕಾಯ್ದೆಯಿಂದ ರಾಜ್ಯವನ್ನು 15 ನೆರೆ ಯೋಜನಾ ವಲಯಗಳಾಗಿ ಮಾಡಿದೆ. ಲೋವರ್ ರಿಯೋ ಗ್ರಾಂಡೆ 15ನೆಯದು. ಮೊದಲ ರಾಜ್ಯ ಯೋಜನೆ 2024ರಲ್ಲಿ ಬಂತು, ಐದೈದು ವರ್ಷಕ್ಕೊಮ್ಮೆ ಹೊಸದು. ಯೋಜನೆಯ ಪಟ್ಟಿಯಲ್ಲಿ ಇಲ್ಲದ ಕಾಮಗಾರಿಗೆ ರಾಜ್ಯದ ನೆರೆ ನಿಧಿ ಸಿಗುವುದಿಲ್ಲ. ವಲಯ ಸಭೆಗಳು ಬಹಿರಂಗವಾಗಿಯೇ ನಡೆಯುತ್ತವೆ. ಕೇಂದ್ರದ ವಸತಿ ಇಲಾಖೆಯ ಮೂಲಕ ತಡವಾಗಿ ಬರುವ ಪುನರ್ವಸತಿ ಹಣದ ಕರಡು ಯೋಜನೆಗೂ ಆಕ್ಷೇಪಣೆ ಸಲ್ಲಿಸುವ ಅವಧಿ ಇರುತ್ತದೆ. ಅದನ್ನು ಸುಮ್ಮನೆ ಬಿಡಬೇಡಿ: ಐಕ್ ಮತ್ತು ಡಾಲಿ ಚಂಡಮಾರುತಗಳ ಪರಿಹಾರ ಹಣದ ಹಂಚಿಕೆ ಅನ್ಯಾಯದ್ದೆಂದು ಟೆಕ್ಸಾಸ್ ಆಪಲ್‌ಸೀಡ್ ಎಂಬ ಜನಹಿತ ಕಾನೂನು ಸಂಸ್ಥೆ ಮತ್ತು ಒಂದು ವಸತಿ ಸಂಸ್ಥೆ ದೂರು ಕೊಟ್ಟದ್ದರಿಂದಲೇ 2010ರಲ್ಲಿ ರಾಜ್ಯ ರಾಜಿ ಒಪ್ಪಂದಕ್ಕೆ ಬರಬೇಕಾಯಿತು.

ಸಭೆಗೆ ಸ್ಪ್ಯಾನಿಷ್ ದುಭಾಷಿ ಬೇಕೆಂದು ಮುಂಚಿತವಾಗಿ ಲಿಖಿತವಾಗಿ ಕೇಳಿ, ಆ ಪತ್ರದ ಪ್ರತಿ ಇಟ್ಟುಕೊಳ್ಳಿ. ಮಾತಾಡಬೇಕಾದವರು ಬೀದಿಯವರು, ಸ್ವಯಂಸೇವಕರಲ್ಲ. ನೀವು ನಕ್ಷೆಯ ದೊಡ್ಡ ಪ್ರಿಂಟು ಹಿಡಿದುಕೊಳ್ಳಿ. ಮಾತು ಮುಗಿದ ಮೇಲೆ ನಕ್ಷೆ, ಫೋಟೊಗಳ ಒಂದು ಕಟ್ಟನ್ನು ಕಾರ್ಯದರ್ಶಿಗೆ ಕೊಟ್ಟು, ನಡಾವಳಿಗೆ ಸೇರಿಸಿ ಎಂದು ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.